ಮಾವನ ನಡಿಗಿ, ಬೇವಿನ ಹಗ್ಗದತನಕ

ಆ ಬೆಳಗನ್ನು ನೆನೆದಾಗಲೆಲ್ಲ ಮೊದಲು ಚಂದ್ರ ಬರುತ್ತಾನೆ. ಕಾರಹುಣ್ಣಿವಿಯ ಮರುದಿನದ ಚಂದ್ರ. ಕಿತ್ತೂರಿನ ದಿಕ್ಕಿನಲ್ಲಿ, ಊಟ ಮುಗಿದರೂ ಪಂಕ್ತಿ ಬಿಟ್ಟು ಏಳದ ಬೀಗರ ಹಾಗೆ, ಹೊಲಗಳ ಅಂಚಿನ ಮೇಲೆ ಕುಳಿತೇ ಇದ್ದ. ಬಲಗಡೆ, ಸವದತ್ತಿಯ ದಿಕ್ಕಿನಲ್ಲಿ, ಬೆಳಕು ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿತ್ತು. ನಡುವೆ ಬೈಲಹೊಂಗಲಕ್ಕೆ ಹೋಗುವ ರಸ್ತೆ. ರಸ್ತೆಯ ಮೇಲೆ ಚಡ್ಡಿ ತೊಟ್ಟ ಹನ್ನೊಂದು ಗಂಡಸರು. ಅವರಲ್ಲಿ ನಾನೂ ಒಬ್ಬ. ಯಾರೂ ಪೂರ್ತಿ ಎಚ್ಚರವಾಗಿರಲಿಲ್ಲ. ಎರಡು ದಿನದ ಹಿಂದಿನ ಮಳೆಗೆ ಎರೆಮಣ್ಣು ಹಸಿಯಾಗಿ ವಾಸನೆ ಬಿಡುತ್ತಿತ್ತು. ಆ ವಾಸನೆ ನಮ್ಮ ನಿದ್ದೆಯ ಮೇಲೆ ಇನ್ನೊಂದು ಕೌದಿ ಹೊದಿಸಿದ ಹಾಗಿತ್ತು.

ಓಡಬೇಕಾಗಿದ್ದು ಬರೀ ಮೂರು ಕಿಲೋಮೀಟರು. ದೊಡವಾಡದ ಹೊರಗಿನ ದೊಡ್ಡ ಬೇವಿನ ಗಿಡದಿಂದ ನನ್ನ ಗೆಳೆಯನ ಧಾಬಾದ ತನಕ. ಮುಟ್ಟಿದವನಿಗೆ ಒಂದು ತಣ್ಣನೆಯ ಬಿಯರ್. ಧಾಬಾದ ಗೆಳೆಯ ಯಾವುದೋ ಪರದೇಶದ ಜನ ಹೀಗೆ ಓಡಿ ಬಿಯರ್ ಕುಡಿಯುವುದನ್ನು ಫೋನಿನಲ್ಲಿ ನೋಡಿದ್ದ. ನೋಡಿ ಸುಮ್ಮನಿರುವ ಜಾತಿಯವನಲ್ಲ ಅವನು. ಎಮ್ಮೆಗಳಿಗೆ ನೀರು ಕುಡಿಸುವ ಕಲ್ಲಿನ ದೋಣಿಯನ್ನು ಉಜ್ಜಿ ತೊಳೆದು, ಬೈಲಹೊಂಗಲದಿಂದ ಐಸಿನ ಗಡ್ಡೆ ತಂದು ಸುರಿದು, ಬಾಟಲಿಗಳನ್ನು ಕುತ್ತಿಗೆಯ ಮಟ್ಟ ಮುಳುಗಿಸಿಟ್ಟಿದ್ದ. ಒಂದೇ ಕರಾರು. "ಕಾಲಿಲೆ ಬಂದವಗ ಅಷ್ಟ ಬಾಟ್ಲಿ. ಗಾಡಿ ಮ್ಯಾಲ ಬಂದಾವ ಯಾರ ಇರ್ಲಿ, ಅವರಪ್ಪ ಇರ್ಲಿ, ನೀರ ಕುಡದ ಹೋಗಬೇಕ."

ಮುಟ್ಟುವ ಗೆರೆಯನ್ನೂ ಅವನು ಬೇರೆ ಎಲ್ಲಿಂದಲೋ ತರಲಿಲ್ಲ. ಹುಣ್ಣಿವಿಯ ಸಂಜೆ ನಮ್ಮ ಕಡೆ ಎತ್ತುಗಳಿಗೆ ಬಣ್ಣ ಬಳಿದು, ಊರ ಅಗಸಿ ಬಾಗಿಲಿಗೆ ಬೇವಿನ ತಪ್ಪಲ ಕಟ್ಟಿದ ಹಗ್ಗ ಬಿಗಿದು, ಅದನ್ನು ಹರಿಯಲು ಓಡಿಸುತ್ತಾರೆ. ಕೆಂದೆತ್ತು ಮೊದಲು ಹರಿದರೆ ಆ ವರ್ಷ ಮುಂಗಾರಿ ಬೆಳೆ ಚಲೋ, ಬಿಳಿ ಎತ್ತು ಹರಿದರೆ ಹಿಂಗಾರಿ ಜೋಳ ಚಲೋ. ಹಿಂದಿನ ಸಂಜೆ ಎತ್ತು ಹರಿದ ಅದೇ ಹಗ್ಗಕ್ಕೆ ಗಂಟು ಹಾಕಿ ಗೆಳೆಯ ಧಾಬಾದ ಮುಂದೆ ಕಟ್ಟಿದ್ದ. ಅಷ್ಟಕ್ಕೇ ಆ ರಸ್ತೆಯ ಹಿರಿಯರೆಲ್ಲ ಟವೆಲ್ ಕೊಡವಿಕೊಂಡು ಬಂದು ಕುಳಿತುಬಿಟ್ಟರು. ಹನ್ನೊಂದು ಹುಡುಗರು ಬಿಯರಿಗಾಗಿ ಓಡುವುದು ಅವರ ಮಟ್ಟಿಗೆ ಹುಚ್ಚು. ಆದರೆ ಬೇವಿನ ಹಗ್ಗ ಕಟ್ಟಿದ ಮೇಲೆ ಅದು ಬೆಳೆಯ ವಿಚಾರ. ಒಬ್ಬ ಮುದುಕ ಹಿಂದಿನ ರಾತ್ರಿಯೇ ಫೋನು ಮಾಡಿ ಕೇಳಿದ್ದನಂತೆ. "ಹುಡುಗೂರು ಯಾವ ಬಣ್ಣದ ಅಂಗಿ ಹಾಕ್ಕೊಂಡ ಓಡತಾವಪಾ? ಎತ್ತ ಎರಡೂ ಒಮ್ಮೆಲೆ ಬಂದ್ವು, ಯಾವುದು ಗೆದ್ದದ್ದು ಅಂತ ನಿಕಾಲಿ ಆಗಿಲ್ಲ."

ಕಿತ್ತೂರಿನಿಂದ ಬಂದ ಕಬಡ್ಡಿಯ ಹುಡುಗ ಕೆಂಪು ಅಂಗಿ ತೊಟ್ಟಿದ್ದ. ನಾನು ಬಿಳಿ ಬನಿಯನ್ನು. ಹೀಗೆ, ನನ್ನನ್ನು ಒಂದು ಮಾತೂ ಕೇಳದೆ, ಇಡೀ ತಾಲೂಕಿನ ಬಿಳಿಜೋಳವನ್ನು ನನ್ನ ಮೊಣಕಾಲಿನ ಮೇಲೆ ಹೇರಿಬಿಟ್ಟರು.

ನನ್ನ ಕಾಲುಗಳ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಸಾಂಬಾರಿನಲ್ಲಿ ತೇಲುವ ನುಗ್ಗೆಕಾಯಿ ಇವಕ್ಕಿಂತ ಗಟ್ಟಿ. ನಾನು ಕಾಲಿನಿಂದ ಬದುಕಿದವನಲ್ಲ, ಗಂಟಲಿನಿಂದ ಬದುಕಿದವನು. ಬೈಲಹೊಂಗಲದ ಅಂಗಡಿಗಳಿಗೆ ಆಟೋದಲ್ಲಿ ಮೈಕು ಹಿಡಿದು ಕೂಗುವುದು ನನ್ನ ಕೆಲಸ. ಯಾರ ದನಿ ಬೇಕೋ ಆ ದನಿ. ಧಾರವಾಡದ ಬಸ್ಸಿನ ಕಂಡಕ್ಟರ್ ಮೂಗಿನಿಂದ ಊರ ಹೆಸರು ಎಳೆಯುವುದು, ಹಿಟ್ಟಿನ ಗಿರಣಿ ಚಾಲೂ ಆಗುವಾಗ ಕೆಮ್ಮುವುದು, ನಮ್ಮವ್ವ ದೊಡ್ಡ ಮಂದಿಯ ಫೋನು ಬಂದಾಗ ಸೆರಗು ಸರಿಮಾಡಿಕೊಂಡು "ಹಾಂ ರೀ, ಬರ್ರೀ, ನಿಮ್ಮದ ಮನಿರೀ" ಅನ್ನುವುದು. ಎಲ್ಲವೂ ನನ್ನ ಮೈಯೊಳಗೆ ಬಾಡಿಗೆಗೆ ಇವೆ. ನನ್ನದೇ ದನಿ ಯಾವುದು ಅಂತ ಒಮ್ಮೊಮ್ಮೆ ಹುಡುಕಿದ್ದೇನೆ. ಸಿಕ್ಕಿದ್ದು ಆಕಳಿಕೆ ಮಾತ್ರ.

ಆ ಬಾಡಿಗೆದಾರರಲ್ಲಿ ಒಂದು ಇತ್ತು, ಮಾವನ ನಡಿಗೆ.

ಮಾವ ಅಂದರೆ ಅವ್ವನ ತಮ್ಮ. ದೊಡವಾಡದಲ್ಲಿ ಹೊಲ, ಎರಡು ಎತ್ತು. ಹರೆಯದಲ್ಲಿ ಇದೇ ಹುಣ್ಣಿವಿಯ ಓಟದಲ್ಲಿ ಎತ್ತಿನ ಹಗ್ಗ ಹಿಡಿದು ಜೊತೆಗೆ ಓಡುತ್ತಿದ್ದವನು. ಒಂದು ವರ್ಷ ಓಟದ ಭರದಲ್ಲಿ ಎಡ ಮೊಣಕಾಲು ಅಗಸಿಯ ಕಲ್ಲಿಗೆ ಬಡಿಯಿತು. ಎತ್ತು ಗೆದ್ದಿತು, ಮಾವ ಅಂದಿನಿಂದ ಕುಂಟತೊಡಗಿದ. ಅದೂ ಸಾಮಾನ್ಯ ಕುಂಟಲ್ಲ. ಒಂದು ಹೆಜ್ಜೆ, ಒಂದು ಸಣ್ಣ ಜಿಗಿತ, ನಂತರ ಧೋತರದ ಚುಂಗು ಹಿಡಿದ ಕೈ ಗಾಳಿಯಲ್ಲಿ ಒಂದು ಅಲ್ಪವಿರಾಮ ಹಾಕುತ್ತಿತ್ತು. ದೂರದಿಂದ ನೋಡಿದರೆ ಮನುಷ್ಯ ಬರುತ್ತಿದ್ದಾನೋ, ಯಾರೋ ನಿಧಾನವಾಗಿ ಹಾಡು ಹೇಳುತ್ತಿದ್ದಾರೋ ಅನ್ನಿಸುತ್ತಿತ್ತು.

ಹಿಂದಿನ ವರ್ಷ ಅಕ್ಕನ ಮದುವೆಯಲ್ಲಿ ನಾನು ಆ ಹಾಡನ್ನು ಕದ್ದೆ. ಹಂದರದಿಂದ ಊಟದ ಮನೆಯ ತನಕ ಮಾವನ ಬೆನ್ನ ಹಿಂದೆ ಅವನ ಹಾಗೆಯೇ ನಡೆದೆ. ಹೆಜ್ಜೆ, ಜಿಗಿತ, ಅಲ್ಪವಿರಾಮ. ಎಲೆಯ ಮುಂದೆ ಕುಳಿತವರು ಬಿದ್ದು ಬಿದ್ದು ನಕ್ಕರು. ಹುಗ್ಗಿ ಬಡಿಸುವವನು ಹುಗ್ಗಿಯನ್ನು ನೆಲಕ್ಕೆ ಬಡಿಸಿದ. ಮಾವ ತಿರುಗಿ ನೋಡಿದ, ಅವನೂ ನಕ್ಕ. ಮಾವ-ಅಳಿಯನ ನಡುವೆ ಚೇಷ್ಟೆಗೆ ನಮ್ಮಲ್ಲಿ ಪರವಾನಗಿ ಇದೆ. "ಭಾಳ ಶಾಣ್ಯಾ ಆಗೀಯಲೇ" ಎಂದು ಕಿವಿ ಹಿಂಡಿದ. ಯಾರೋ ವೀಡಿಯೋ ಮಾಡಿದರು. ಸಂಜೆಯೊಳಗೆ ಅದು ಸುತ್ತಲಿನ ನಾಲ್ಕು ತಾಲೂಕಿನ ಬೀಗರ ಗುಂಪುಗಳಲ್ಲಿ ಕುಂಟುತ್ತ ಓಡಾಡಿತು. ರಾಮದುರ್ಗದ ಸಾಲಹಳ್ಳಿಯಿಂದ ಯಾರೋ ಅದನ್ನು ಮಾವನಿಗೇ ಕಳಿಸಿದರು, ನಗುವ ಮುಖಗಳ ಸಾಲು ಸಮೇತ.

ಒಂದು ವಾರದ ಮೇಲೆ ಮಾವ ಒಂದು ಹಳೇ ಮೊಪೆಡ್ ಕೊಂಡ.

ಹೊಲಕ್ಕೆ ಮೊಪೆಡ್ಡು. ನಾಲ್ಕು ಮನೆ ಆಚೆಯ ಕಿರಾಣಿ ಅಂಗಡಿಗೂ ಮೊಪೆಡ್ಡು. ಕಟಿಂಗಿನ ಅಂಗಡಿಯಲ್ಲಿ ಕುರ್ಚಿಯ ತನಕ ಅದನ್ನು ಒಳಗೆ ತಂದ ಅಂತ ಸುದ್ದಿ. ಊರು "ಮಾವಗ ಈಗ ಹರೆ ಬಂದೈತಿ" ಎಂದು ನಕ್ಕಿತು. ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ನನ್ನ ಮೇಲೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸಿಟ್ಟಿಲ್ಲ. ಮನೆಗೆ ಹೋದರೆ "ಬಾ ಅಳಿಯಾ, ಕುಂದ್ರು" ಅನ್ನುತ್ತಿದ್ದ, ಮಿರ್ಚಿ ತರಿಸುತ್ತಿದ್ದ, ಚೇಷ್ಟೆ ಮಾಡುತ್ತಿದ್ದ. ಕಟ್ಟೆಯಿಂದ ಏಳುತ್ತಿರಲಿಲ್ಲ ಅಷ್ಟೇ. ನಾನು ಹೊರಟು ತಿರುವು ದಾಟುವ ತನಕ ಅಲ್ಲೇ ಕುಳಿತಿರುತ್ತಿದ್ದ. ಒಂದು ಇಡೀ ವರ್ಷ ನಾನು ಮಾವ ನಡೆಯುವುದನ್ನು ನೋಡಲಿಲ್ಲ. ಊರ ಹಾದಿಯಿಂದ ಒಂದು ಹಾಡು ಅಳಿಸಿಹೋಗಿತ್ತು, ಅಳಿಸಿದವನು ನಾನು. ತಪ್ಪಾಯಿತು ಅನ್ನಲು ಎಷ್ಟೋ ಸಲ ಹೋದೆ. ಬಾಯಿ ತೆರೆದರೆ ಬೇರೆ ಯಾರದೋ ದನಿ ಬರುತ್ತಿತ್ತು. ಹಾಸ್ಯವಾಗಿಬಿಡುತ್ತಿತ್ತು.

ಆ ಬೆಳಿಗ್ಗೆ ಮಾವ ಮೊಪೆಡ್ಡಿನ ಮೇಲೆಯೇ ಬಂದಿದ್ದ. ಹಳೇ ಓಟಗಾರ ಅಂತ ಗೆಳೆಯ ಅವನನ್ನು ಪಂಚನನ್ನಾಗಿ ಮಾಡಿದ್ದ. ಓಟಗಾರರ ಪಕ್ಕದಲ್ಲಿ ಗಾಡಿ ಹೊಡೆಯುತ್ತ ಯಾರೂ ಅಡ್ಡದಾರಿ ಹಿಡಿಯದಂತೆ ನೋಡುವುದು ಅವನ ಕೆಲಸ.

"ಏ ಅಳಿಯಾ," ಎಂದ, ಗಾಡಿಯ ಮೇಲಿಂದಲೇ. "ಅವು ಕಾಲೇನೋ, ಹಲ್ಲಿನ ಕಡ್ಡಿ ಏನೋ?"

"ನಿಮ್ಮ ಅಕ್ಕ ಕೊಟ್ಟಿದ್ದ ರೀ ಮಾವ. ನಮ್ಮಪ್ಪನ ಕಡಿಯಿಂದ ಬಂದದ್ದು ಬರೇ ಬಾಯಿ."

"ಹೌದ ಬಿಡು. ಕಾಲ ಓಡಲಿಲ್ಲಂದ್ರ ಬಾಯಿ ಆದ್ರೂ ಓಡ್ತೈತಿ."

ಮಾವ ಬಾಯಿಂದಲೇ ಸೀಟಿ ಹೊಡೆದ. ಹನ್ನೊಂದು ಜೋಡಿ ಕಾಲು ರಸ್ತೆಗೆ ಬಿದ್ದವು.

ಮೊದಲ ಒಂದು ಕಿಲೋಮೀಟರು ನಾನು ಓಡಿದೆನೋ, ನನ್ನನ್ನು ಯಾರೋ ಕನಸಿನಲ್ಲಿ ಓಡಿಸಿದರೋ, ಈಗಲೂ ಖಾತ್ರಿ ಇಲ್ಲ. ಎಡಗಡೆ ಚಂದ್ರ ನನ್ನ ಜೊತೆಗೇ ಬರುತ್ತಿದ್ದ, ಅವಸರವಿಲ್ಲದೆ. ಬಿತ್ತನೆಗೆ ಹರಗಿದ ಹೊಲಗಳು ಬಾಚಿದ ತಲೆಯ ಹಾಗೆ ಮಲಗಿದ್ದವು. ಯಾವುದೋ ಹೊಲದಲ್ಲಿ ನಿಂತ ಎತ್ತಿನ ಕೊಂಬಿಗೆ ನಿನ್ನೆಯ ಬಣ್ಣ ಇನ್ನೂ ಇತ್ತು, ಬೆಳಕು ಬರುವ ಮೊದಲೇ ಆ ಕೊಂಬು ಗುಲಾಬಿಯಾಗಿತ್ತು. ಉಸಿರು, ಹೆಜ್ಜೆ, ಮೊಪೆಡ್ಡಿನ ಗುರುಗುರು. ನನ್ನ ಪಕ್ಕದಲ್ಲಿ ರಾಮದುರ್ಗದ ನೇಕಾರನೊಬ್ಬ ಓಡುತ್ತಿದ್ದ. ಅವನ ಕಾಲು ಮಗ್ಗದ ಮಣೆ ತುಳಿದ ಹಾಗೆ ತಪ್ಪದೆ ಬೀಳುತ್ತಿದ್ದವು, ಟಕ್ಕ, ಟಕ್ಕ. ಅಭ್ಯಾಸಬಲ, ನನ್ನ ಕಾಲೂ ಅವನ ಕಾಲಾದವು. ಅವನು ಮುಂದೆ ಹೋದ. ನಂತರ ಸವದತ್ತಿಯ ಒಬ್ಬ ಮಾಸ್ತರು ಬಂದರು, ಓಡುವಾಗಲೂ ಎದೆಯುಬ್ಬಿಸಿ, ಹಾಜರಿ ಕರೆಯುವವರ ಹಾಗೆ. ನಾನೂ ಎದೆಯುಬ್ಬಿಸಿದೆ.

"ನೋಡಾಕತ್ತೇನಿ," ಎಂದರು ಮಾಸ್ತರು, ಏದುಸಿರಿನಲ್ಲಿ. "ನೀ ನನ್ನ ನಕಲ ಮಾಡಾಕತ್ತಿ."

"ಇಲ್ಲ ಸರ, ನಕಲ ಮಾಡಿದ್ರ ಪಾಸ ಆಗ್ತಿದ್ನಿ."

ಅವರೂ ಮುಂದೆ ಹೋದರು. ಎಲ್ಲರ ಓಟ ಓಡಿ ಓಡಿ ನನ್ನ ಓಟಕ್ಕೆ ಉಸಿರು ಉಳಿಯಲಿಲ್ಲ. ಕೊನೆಯ ಕಿಲೋಮೀಟರಿಗೆ ನಾನು ಎಲ್ಲರಿಗಿಂತ ಹಿಂದೆ ಇದ್ದೆ. ಹಿಂದುಳಿದವನ ಪಕ್ಕದಲ್ಲೇ ಪಂಚ ಇರಬೇಕಲ್ಲ, ಮಾವನ ಮೊಪೆಡ್ಡು ನನ್ನ ಬಲಗಡೆ ತೇಲುತ್ತಿತ್ತು. ಮುಂದೆ ಧಾಬಾದ ಕಡೆ ಒಂದು ಹೋ ಎನ್ನುವ ಕೂಗು ಎದ್ದಿತು. ಕೆಂಪಂಗಿ ಹಗ್ಗ ಹರಿದಿತ್ತು.

"ಮುಂಗಾರಿ ಚಲೋ ಆತು," ಎಂದ ಮಾವ. "ನಿನ್ನ ನಂಬಿ ಜ್ವಾಳಾ ಬಿತ್ತಿದವ್ರು ಹಾಳಾದ್ರು."

ನಾನು ಉತ್ತರ ಕೊಡಲು ತಿರುಗಿದೆ. ಇದು ನನ್ನ ಹಣೆಬರಹ, ಕಾಲು ನೋಡಬೇಕಾದಾಗ ಮಾತು ನೋಡುತ್ತೇನೆ. ಸೇತುವೆಯ ಹತ್ತಿರ ಟ್ರ್ಯಾಕ್ಟರಿನ ಗಾಲಿ ಕೊರೆದ ಹಳ್ಳದಲ್ಲಿ ಎಡಗಾಲು ಇಳಿಯಿತು, ಒಳಗೇ ತಿರುಗಿತು. ಕಪ್ಪು ಕೆಸರಿನಲ್ಲಿ ಎದೆಯ ಮೇಲೆ ಬಿದ್ದೆ.

ಎದ್ದೆ. ಎಡಗಾಲು ಊರಿದರೆ ಮೊಣಕಾಲಿನಿಂದ ತಲೆಯ ತನಕ ಬಿಳಿ ಬೆಳಕು ಹೊಡೆಯುತ್ತಿತ್ತು. ಆದರೂ ಧಾಬಾ ಕಾಣುತ್ತಿತ್ತು. ಸುಮಾರು ನೂರೈವತ್ತು ಹೆಜ್ಜೆ. ಹರಿದ ಹಗ್ಗ, ಕಲ್ಲಿನ ದೋಣಿ, ಸಾಲಾಗಿ ಕುಳಿತ ಬಿಳಿ ರುಮಾಲುಗಳು. ಹಲ್ಲು ಕಚ್ಚಿ ಹೊರಟೆ. ಒಂದು ಹೆಜ್ಜೆ, ಒಂದು ಜಿಗಿತ. ಒಂದು ಹೆಜ್ಜೆ, ಒಂದು ಜಿಗಿತ. ಮೈಯ ತೋಲ ತಪ್ಪಿ ಬೀಳದಿರಲು ಕೈ ತಾನಾಗಿ ಗಾಳಿಗೆ ಏಳುತ್ತಿತ್ತು.

ಧಾಬಾದ ಮುಂದೆ ಮೊದಲು ಯಾರೋ ಒಬ್ಬ ನಕ್ಕ.

"ಹೋ! ಮಾವನ ನಡಿಗಿ ತಗದಾನ ನೋಡ್ರೋ!"

"ಮಾವನ ಬಾಜೂಕ ಮಾವನ ನಕಲ! ಎದಿಗಾರ ಮಗಾ!"

"ವೀಡಿಯೋ ಮಾಡ್ರೋ, ವೀಡಿಯೋ ಮಾಡ್ರಿ!"

ನಗೆ ರಸ್ತೆಯುದ್ದ ಉರುಳಿ ಬಂತು, ಮದುವೆಯ ಅದೇ ನಗೆ. "ಇಲ್ರೋ, ಖರೇನ ನೋವಾಗೇತಿ" ಎಂದು ಕೂಗಿದೆ. ನನ್ನ ಗಂಟಲಿನಿಂದ ಬಂದ ಮಾತನ್ನು ಯಾರು ನಂಬಬೇಕು? "ಆಹಾ, ದನಿ ಕೇಳ್ರಿ, ಅಳೂ ದನಿ!" ಎಂದು ಇನ್ನಷ್ಟು ನಕ್ಕರು. ಬದುಕಿನಲ್ಲಿ ಮೊದಲ ಸಲ ನನ್ನದೇ ದನಿ ಸಿಕ್ಕಿತ್ತು, ಜನ ಅದಕ್ಕೆ ಚಪ್ಪಾಳೆ ತಟ್ಟುತ್ತಿದ್ದರು.

ಬಲಕ್ಕೆ ತಿರುಗಿ ನೋಡುವ ಧೈರ್ಯ ಆಗಲಿಲ್ಲ. ಮೊಪೆಡ್ಡಿನ ಸದ್ದು ನನ್ನ ಪಕ್ಕದಲ್ಲೇ ಇತ್ತು. ಈಗ ಗಾಡಿ ಜೋರು ಮಾಡುತ್ತಾನೆ, ಹೊರಟುಹೋಗುತ್ತಾನೆ, ಇನ್ನು ಕಟ್ಟೆಯ ಮೇಲಿನ ಆ "ಬಾ ಅಳಿಯಾ" ಕೂಡ ಇರುವುದಿಲ್ಲ ಅಂದುಕೊಂಡೆ. ನಿಂತುಬಿಡಲೇ? ನಿಂತರೂ ಅದು ಆಟದ ಭಾಗವಾಗುತ್ತಿತ್ತು. ರಸ್ತೆ ನೋಡುತ್ತ ಮತ್ತೊಂದು ಹೆಜ್ಜೆ ಇಟ್ಟೆ, ಮತ್ತೊಂದು ಜಿಗಿತ.

ಮೊಪೆಡ್ಡಿನ ಸದ್ದು ನಿಂತಿತು. ಸ್ಟ್ಯಾಂಡು ಬಿದ್ದ ಕಟ್ ಎಂಬ ಸದ್ದು. ನಂತರ ಬೆನ್ನ ಹಿಂದೆ, ವರ್ಷದ ಮೇಲೆ, ನನಗೆ ಕಣ್ಣು ಮುಚ್ಚಿದರೂ ಗೊತ್ತಾಗುವ ಆ ಹೆಜ್ಜೆ.

"ಹಿಮ್ಮಡಾ ಊರಬ್ಯಾಡಲೇ," ಎಂದ ಮಾವ, ಪಕ್ಕಕ್ಕೆ ಬಂದು. "ಬಳ್ಳಿನ ಮ್ಯಾಲ ನಿಲ್ಲು. ಹಿಮ್ಮಡಾ ಊರಿದ್ರ ಮೊಣಕಾಲಿಗೆ ಹೊಡೀತೈತಿ."

ಬೆರಳ ಮೇಲೆ ನಿಂತೆ. ಬಿಳಿ ಬೆಳಕು ಸ್ವಲ್ಪ ಕಡಿಮೆಯಾಯಿತು.

"ಮಾವ, ಇದು ನಕಲ ಅಲ್ರಿ."

"ಗೊತ್ತೈತಿ ಬಿಡೋ. ನಕಲ ಮಾಡಾವ ಮಂದೀನ ನೋಡ್ತಾನ. ನೋವಾದಾವ ನೆಲಾ ನೋಡ್ತಾನ. ನೀ ನೆಲಾ ನೋಡಾಕತ್ತಿ." ನಾಲ್ಕು ಹೆಜ್ಜೆ ನನ್ನ ಜೊತೆ ಹಾಕಿದ. ನಂತರ ಅಂದ, "ಮತ್ತ ಲಗ್ನದಾಗ ಮಾಡಿದ್ಯಲ್ಲ, ಅದು ತಪ್ಪ ಇತ್ತು."

"ಹೌದ್ರಿ ಮಾವ. ತಪ್ಪಾತು."

"ಅದಲ್ಲೋ ಖೋಡಿ. ನಡಿಗಿ ತಪ್ಪ ಇತ್ತು. ಹೆಗಲ ಎಡಕ್ಕ ಒಗದಿದ್ದಿ. ಎಡಗಾಲ ನೋಯಾಂವ ಎಡಕ್ಕ ಯಾಕ ಬೀಳತಾನ? ಭಾರ ಬಲಕ್ಕ ಹಾಕ್ತಾನ. ನನ್ನ ಹೆಗಲ ಬಲಕ್ಕ ಬೀಳತೈತಿ. ವೀಡಿಯೋ ನಾ ಹತ್ತ ಸಲಾ ನೋಡೇನಿ. ನಾಲ್ಕ ತಾಲೂಕಿನ ಮಂದಿ ನೋಡಿ ನಕ್ಕರು, ಒಬ್ಬ ಮಗಾ ಆದ್ರೂ ಇದು ತಪ್ಪೈತಿ ಅಂದನೇನು?"

ನಾನು ನೋಡಿದೆ. ಅವನ ಹೆಗಲನ್ನಲ್ಲ, ನನ್ನದನ್ನು. ನನ್ನ ಹೆಗಲು, ಯಾರೂ ಕಲಿಸದೆ, ಬಲಕ್ಕೆ ಬೀಳುತ್ತಿತ್ತು.

ಮುಂದಿನ ನೂರು ಹೆಜ್ಜೆ ಎಷ್ಟು ಹೊತ್ತು ಹಿಡಿದವೋ. ಚಂದ್ರ ಅಷ್ಟರಲ್ಲಿ ನೀರಿನಲ್ಲಿ ಕರಗಿದ ಬತ್ತಾಸಿನ ಹಾಗಾಗಿದ್ದ. ಬೆಳಕು ಕೊನೆಗೂ ಹೊಸ್ತಿಲು ದಾಟಿ ಬಂದು ರಸ್ತೆಯ ಮೇಲೆ ನಮ್ಮ ಎರಡು ನೆರಳುಗಳನ್ನು ಎಡಕ್ಕೆ, ಕಿತ್ತೂರಿನ ತನಕ ಮುಟ್ಟುವಷ್ಟು ಉದ್ದ ಚಾಚಿತು. ಎರಡೂ ಒಟ್ಟಿಗೆ ಬಾಗುತ್ತಿದ್ದವು, ಒಟ್ಟಿಗೆ ಏಳುತ್ತಿದ್ದವು. ಒಂದೇ ನೊಗಕ್ಕೆ ಹೂಡಿದ ಹಾಗೆ. ನಗೆ ಎಲ್ಲಿ ನಿಂತಿತೋ ನನಗೆ ತಿಳಿಯಲಿಲ್ಲ. ಫೋನು ಹಿಡಿದ ಕೈಗಳು ಒಂದೊಂದಾಗಿ ಇಳಿದವು. ಮಾವ ನಡೆಯುವುದನ್ನು ಅವರೂ ವರ್ಷದಿಂದ ನೋಡಿರಲಿಲ್ಲ ಎಂದು ಆಗಲೇ ಅವರಿಗೂ ಹೊಳೆದಿರಬೇಕು.

ಗೆರೆ ಮುಟ್ಟಿದಾಗ ಒಬ್ಬ ಮುದುಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ನನ್ನ ಬಿಳಿ ಬನಿಯನ್ನು ಎರೆಮಣ್ಣಿನಲ್ಲಿ ಅದ್ದಿ ತೆಗೆದಂತಾಗಿತ್ತು.

"ಇದು ಬಿಳಿಯೋ ಕರಿಯೋ?"

"ಹೊಂಟಾಗ ಬಿಳಿ ಇತ್ರಿ ಅಜ್ಜಾರ."

ಮುದುಕ ಪಕ್ಕದವನತ್ತ ತಿರುಗಿ ಗಂಭೀರವಾಗಿ ಅಂದ. "ಕಡೀಕ ಕರಿ ಬಂತಂದ್ರ ಮಳಿ ತಡಾ ಆದ್ರೂ ಬರ್ತೈತಿ." ಪಕ್ಕದವನು ತಲೆದೂಗಿದ. ನನ್ನಂಥವನು ಬಿದ್ದರೂ ನಮ್ಮ ಜನ ಅದರಲ್ಲಿ ಒಂದು ಮಳೆ ಹುಡುಕುತ್ತಾರೆ.

ಅಷ್ಟು ಹೊತ್ತಿಗೆ ಇನ್ನೊಂದು ಪೇಚು ನಡೆದಿತ್ತು. ಹತ್ತು ಮಂದಿಯ ಕೈಗೆ ಹತ್ತು ಬಾಟಲಿ ಬಂದಿದ್ದವು, ಯಾರೂ ಬಾಯಿಗೆ ಇಟ್ಟಿರಲಿಲ್ಲ. ಪರದೇಶದ ಓಟವನ್ನು ತರುವಾಗ ಗೆಳೆಯ ಇದೊಂದನ್ನು ಮರೆತಿದ್ದ. ನಮ್ಮ ಕಡೆ ಕುಡಿಯುವುದು ಅಂಥ ತಪ್ಪೇನಲ್ಲ, ಹಿರಿಯರ ಎದುರು ಕುಡಿಯುವುದು ತಪ್ಪು. ಗೆರೆಯ ಮೇಲೆಯೇ ಇಡೀ ಹಿರಿತಲೆಗಳ ಸಾಲು ಕುಳಿತಿದೆ. ಕೆಂಪಂಗಿಯ ಗೆದ್ದ ಹುಡುಗ ಬಾಟಲಿಯನ್ನು ಬೆನ್ನ ಹಿಂದೆ ಹಿಡಿದು, ಕದ್ದ ಪೇರಲ ಹಣ್ಣು ಬಚ್ಚಿಟ್ಟವನಂತೆ ನಿಂತಿದ್ದ. ಕಡೆಗೆ ಮಾಸ್ತರೇ ದಾರಿ ತೋರಿಸಿದರು. ಹಿರಿಯರಿಗೆ ಬೆನ್ನು ಮಾಡಿ, ಹೊಲದ ಕಡೆ ಮುಖ ಮಾಡಿ ನಿಂತರು. ಎಲ್ಲರೂ ಹಾಗೆಯೇ ನಿಂತರು. ಹಿರಿಯರು ಸೌಜನ್ಯದಿಂದ ರಸ್ತೆಯ ಆಚೆ ಬದಿ ನೋಡತೊಡಗಿದರು. ಗೋದಲಿಗೆ ಕಟ್ಟಿದ ದನಗಳ ಹಾಗೆ ಹತ್ತು ಗಂಡಸರು ಬೆಳಗಿನ ಹೊಲ ನೋಡುತ್ತ ಬಿಯರ್ ಕುಡಿದರು.

ಗೆಳೆಯ ನನಗೊಂದು ಬಾಟಲಿ ಕೊಟ್ಟ. ಮಾವನಿಗೆ ನೀರಿನ ಲೋಟ ಚಾಚಿದ. "ಪಂಚರು ಗಾಡಿ ಮ್ಯಾಲ ಬಂದವ್ರು."

"ಗಾಡಿ ಎಲ್ಲೈತಿ?" ಎಂದ ಮಾವ.

ಗೆಳೆಯ ರಸ್ತೆ ನೋಡಿದ. ದೂರದಲ್ಲಿ, ಸೇತುವೆಯ ಹತ್ತಿರ, ಮೊಪೆಡ್ಡು ಒಂಟಿಯಾಗಿ ನಿಂತಿತ್ತು. ಲೋಟ ಹಿಂದಕ್ಕೆ ತೆಗೆದುಕೊಂಡು ದೋಣಿಯಲ್ಲಿ ಕೈಯಿಳಿಸಿದ.

ಈಗ ಮಾವನ ಎದುರು ನಾನು ಹೇಗೆ ಕುಡಿಯಲಿ? ತಿರುಗಿ ನಿಂತೆ. ಅಳಿಯನ ಎದುರು ಮಾವ ಹೇಗೆ ಕುಡಿಯುತ್ತಾನೆ? ಅವನೂ ತಿರುಗಿದ. ಇಬ್ಬರಿಗೂ ನೆಟ್ಟಗೆ ನಿಲ್ಲಲು ಒಂದೊಂದೇ ಕಾಲು. ಕೊನೆಗೆ ಬೆನ್ನಿಗೆ ಬೆನ್ನು ಆನಿಸಿ ನಿಂತೆವು. ಐಸಿನ ನೀರು ಬಾಟಲಿಯಿಂದ ಮೊಣಕೈಗೆ ಇಳಿಯುತ್ತಿತ್ತು. ಅವನು ಗುಟುಕು ನುಂಗಿದ್ದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಒಂದು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡು ತಿರುಗಿದ ಮಾತುಗಳು ಬೇಡವಾದವು. ಮಾವ ತೇಗಿದ. ನಾನೂ ತೇಗಿದೆ. ಅದು ನಕಲಲ್ಲ, ಬಿಯರಿನದು.

"ಮಾವಾರ, ಗಾಡಿ ತರ್ಲ್ಯಾ?" ಎಂದ ಕೆಂಪಂಗಿಯ ಹುಡುಗ, ಬಾಟಲಿ ಬಚ್ಚಿಡುತ್ತ.

"ಬ್ಯಾಡ," ಎಂದ ಮಾವ. "ನಾನ ಹೋಗಿ ತರತೇನಿ."

ಬೆನ್ನಿನಿಂದ ಅವನ ಭಾರ ಎದ್ದುಹೋಯಿತು. ನಾನು ಒಂದೇ ಕಾಲಿನ ಮೇಲೆ ತೂಗಿ, ದೋಣಿಯ ಅಂಚು ಹಿಡಿದು, ತಿರುಗಿ ನೋಡಿದೆ. ಇಡೀ ಸಾಲು ನೋಡುತ್ತಿತ್ತು, ಮಾವನಿಗೆ ಅದು ಗೊತ್ತಿತ್ತು. ಧೋತರದ ಚುಂಗು ಹಿಡಿದು ನಡುರಸ್ತೆಯಲ್ಲಿ, ಅವಸರವಿಲ್ಲದೆ ಹೋದ. ಹೆಜ್ಜೆ, ಜಿಗಿತ, ಗಾಳಿಯಲ್ಲಿ ಅಲ್ಪವಿರಾಮ.

ಬಲಕ್ಕೆ. ಖರೇನ, ಬಲಕ್ಕೆ ಬೀಳುತ್ತಿತ್ತು ಹೆಗಲು.